ಸಮಾಧಿಗಳ ಬಳಿ ಮೂರನೆಯ ಬೆಳಗ್ಗೆ

ಪ್ರೊಫೆಸರ್ ಅವರ ಬಲಗೈಯಿಂದ ಕಾಫಿ ಕಪ್ ಜಾರತೊಡಗಿದ ವಾರದಲ್ಲೇ ಟೋಕಿಯೋದ ದೇವಾಲಯದಿಂದ ಅಲ್ಲಿನ ಸಮಾಧಿಗಳನ್ನು ಅಳೆಯಲು ಅನುಮತಿ ಪತ್ರ ಬಂತು. ಸ್ವೀಡನ್ನಿನ ಉಮೆಯೊ ಊರಿನ ನಮ್ಮ ಲ್ಯಾಬಿನಲ್ಲಿ ಫಿಕಾ ಎನ್ನುವ ಕಾಫಿ ವಿರಾಮದ ಹೊತ್ತಿಗೆ ಯಾರೋ ಕೇಕ್ ತಂದಿಟ್ಟರು. ಪ್ರೊಫೆಸರ್ ಎಡಗೈಯಲ್ಲಿ ಕೇಕ್ ತಿನ್ನುತ್ತ ಪತ್ರವನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನಾನಂತೂ ಹೋಗಲಾರೆ. ನನ್ನ ಬದಲು ನೀನು ನಡೆದು ಬಾ," ಎಂದರು.

ಅವರನ್ನು ಇಲ್ಲಿ ಪ್ರೊಫೆಸರ್ ಎಂದೇ ಬರೆಯುತ್ತೇನೆ. ಸ್ವೀಡನ್ನಿನಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ. ಆದರೆ ಐದು ವರ್ಷ ಜೊತೆಗೆ ಕೆಲಸ ಮಾಡಿದರೂ ನನ್ನ ಬಾಯಿಗೆ ಅವರ ಹೆಸರು ಬರಲೇ ಇಲ್ಲ. ನಿವೃತ್ತಿಯ ನಂತರವೂ ವಾರಕ್ಕೊಮ್ಮೆ ಲ್ಯಾಬಿಗೆ ಬರುತ್ತಿದ್ದ ಜಪಾನ್ ಇತಿಹಾಸದ ಪಂಡಿತರು ಅವರು. ನಾನು ಹಳೆಯ ಕಟ್ಟಡಗಳನ್ನು ಲೇಸರ್ ಸ್ಕ್ಯಾನರಿನಿಂದ ಅಳೆದು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುವ ಇಂಜಿನಿಯರ್. ಅವರಿಗೆ ಬಂದಿದ್ದು ಸ್ನಾಯುಗಳು ಒಂದೊಂದಾಗಿ ಕೈಕೊಡುವ ಕಾಯಿಲೆ. ಅದಕ್ಕೆ ಮದ್ದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು.

ನಮ್ಮ ಯೋಜನೆ ಒಂದು ಮ್ಯೂಸಿಯಮ್ಮಿಗಾಗಿ. ನೋಡುಗರು ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಜಪಾನಿನ ನಲವತ್ತೇಳು ಸಾಮುರಾಯ್‌ಗಳ ಕಥೆ ನಡೆದ ಜಾಗಗಳಲ್ಲಿ ಓಡಾಡಬೇಕು. ಕಥೆ ಮುನ್ನೂರು ವರ್ಷಕ್ಕೂ ಹಿಂದಿನದು. ಆಕೋ ಎಂಬ ಸಣ್ಣ ಸಂಸ್ಥಾನದ ದೊರೆ, ಆಳುವವರ ಅರಮನೆಯಲ್ಲಿ ಒಬ್ಬ ಹಿರಿಯ ಅಧಿಕಾರಿಯ ಮೇಲೆ ಸಿಟ್ಟಿಗೆದ್ದು ಕತ್ತಿ ಎತ್ತಿದ. ಅದೇ ದಿನ ಅವನಿಗೆ ತನ್ನ ಹೊಟ್ಟೆಯನ್ನು ತಾನೇ ಸೀಳಿಕೊಂಡು ಸಾಯುವ ಶಿಕ್ಷೆಯಾಯಿತು. ಸಂಸ್ಥಾನ ಹೋಯಿತು, ನೂರಾರು ಸೇವಕರು ಬೀದಿಗೆ ಬಿದ್ದರು. ಅವರಲ್ಲಿ ನಲವತ್ತೇಳು ಮಂದಿ ಎರಡು ವರ್ಷದ ಹತ್ತಿರ ಕಾದು, ಹಿಮ ಬಿದ್ದ ಒಂದು ನಸುಕಿನಲ್ಲಿ ಆ ಅಧಿಕಾರಿಯ ಮನೆಗೆ ನುಗ್ಗಿ ಅವನ ತಲೆ ಕಡಿದರು. ತಲೆಯನ್ನು ಹೊತ್ತು ಊರಿನ ಉದ್ದಕ್ಕೂ ನಡೆದು, ಬಾವಿಯಲ್ಲಿ ತೊಳೆದು, ಈಗಿನ ಟೋಕಿಯೋದ ಆ ದೇವಾಲಯದಲ್ಲಿದ್ದ ದೊರೆಯ ಸಮಾಧಿಯ ಮುಂದೆ ಇಟ್ಟರು. ಒಬ್ಬನನ್ನು ಬಿಟ್ಟು ಅವರೆಲ್ಲರಿಗೂ ಅದೇ ಸಾವಿನ ಶಿಕ್ಷೆಯಾಗಿ, ದೊರೆಯ ಪಕ್ಕದಲ್ಲೇ ಅವರ ಹೆಸರಿನ ಕಲ್ಲುಗಳೂ ನಿಂತವು. ಸ್ವಾಮಿನಿಷ್ಠೆ ಎಂದರೆ ಇದು ಎಂದು ಜಪಾನೀಯರು ಇವತ್ತಿಗೂ ಅಲ್ಲಿ ಊದುಬತ್ತಿ ಹಚ್ಚುತ್ತಾರೆ.

ಪ್ರೊಫೆಸರ್ ನಲವತ್ತು ವರ್ಷ ಓದಿದ್ದು ಆ ನಲವತ್ತೇಳು ಜನರ ಬಗ್ಗೆ ಅಲ್ಲ. ಸೇಡು ತೀರಿಸುತ್ತೇವೆಂದು ಆಣೆ ಮಾಡಿ ಆಮೇಲೆ ಬರದೇ ಉಳಿದವರ ಬಗ್ಗೆ. ಒಬ್ಬನ ತಾಯಿ ಹಾಸಿಗೆ ಹಿಡಿದಿದ್ದಳು, ಇನ್ನೊಬ್ಬನ ಹೆಂಡತಿ ಬಸುರಿ. ಮತ್ತೊಬ್ಬನಿಗೆ ಸುಮ್ಮನೆ ಧೈರ್ಯ ಸಾಲಲಿಲ್ಲ. "ಇವರಿಗೆ ಒಂದು ಕಲ್ಲೂ ಇಲ್ಲ. ಕಾಯಿಲೆಯ ತಾಯಿ ಹತ್ತಿರ ಹೋದವನನ್ನು ಹೇಡಿ ಅಂತ ಬರೆದುಬಿಟ್ಟರು," ಎಂದು ಅವರು ಹೇಳುವಾಗ ದನಿ ಏರುತ್ತಿತ್ತು. ನಾನು ಆ ಮಾತನ್ನು ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ. ಅವರ ಟಿಪ್ಪಣಿಗಳನ್ನು ಇಂಗ್ಲಿಷಿಗೆ ತಂದು ಟೈಪ್ ಮಾಡಿಕೊಟ್ಟವಳೂ ನಾನೇ.

ಜಪಾನಿಗೆ ಹೊರಡುವ ಮುಂಚೆ ಬೇಸಿಗೆಯೆಲ್ಲ ಅವರ ಮನೆಯಲ್ಲೇ ಕೆಲಸ ನಡೆಯಿತು. ನದಿಯ ದಂಡೆಯ ಮರದ ಮನೆ, ಗಂಡ ಹೆಂಡತಿ ಇಬ್ಬರೇ. ಮ್ಯೂಸಿಯಮ್ ಆಮೇಲೆ ನೋಡಲಿ, ಮೊದಲು ನೋಡಬೇಕಾದವರು ಇವರು ಎಂದು ನಾನೂ ನನ್ನ ಸಹೋದ್ಯೋಗಿಯೂ ಮಾತಾಡಿಕೊಂಡಿದ್ದೆವು. ಸಹೋದ್ಯೋಗಿ ಬೆಂಗಳೂರಿನ ಜಯನಗರದವಳು, ಪ್ರೋಗ್ರಾಮರ್. ಲ್ಯಾಬಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಹೆಡ್‌ಸೆಟ್ಟಿನ ಭಾರಕ್ಕೆ, ಗಾಲಿಕುರ್ಚಿಯಲ್ಲಿ ಕೂತ ಪ್ರೊಫೆಸರ್ ಅವರ ಕುತ್ತಿಗೆ ಮುಂದಕ್ಕೆ ಬೀಳುತ್ತಿತ್ತು. ಅವಳು ಹಿಂದುಗಡೆ ಒಂದು ಸಣ್ಣ ತೂಕ ಕಟ್ಟಿ ಸಮ ಮಾಡಿದಳು. ಎರಡೇ ವಾರದಲ್ಲಿ ಅದೂ ಭಾರವಾಯಿತು. ಕೈಯ ಗುಂಡಿ ಒತ್ತುವ ಬದಲು ಕಣ್ಣಿನ ನೋಟದಿಂದ ಮುಂದೆ ಸಾಗುವ ಹಾಗೆ ಮಾಡಿದಳು. ಅದಕ್ಕೆ ಅವರಿಗೆ ತಲೆಸುತ್ತು ಬಂತು. ಕೊನೆಗೆ ಹೆಡ್‌ಸೆಟ್ ಪಕ್ಕಕ್ಕಿಟ್ಟು, ಮಲಗುವ ಕೋಣೆಯ ಬಿಳಿ ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಡುವುದು ಎಂದು ತೀರ್ಮಾನವಾಯಿತು.

"ಇಷ್ಟು ವರ್ಷ ಇಮ್ಮರ್ಸಿವ್ ಇಮ್ಮರ್ಸಿವ್, ನೋಡೋರು ಒಳಗೇ ಇದ್ದ ಹಾಗಿರ್ಬೇಕು ಅಂತ ಪೇಪರ್ ಬರೆದು, ಲಾಸ್ಟಿಗೆ ಟೆಂಟ್ ಸಿನಿಮಾಗೆ ಬಂದ್ವಲ್ಲೇ," ಎಂದು ಅವಳು ನಕ್ಕಳು. ಮನೆಯಿಂದ ಬಸ್ ಸ್ಟಾಪಿಗೆ ನಡೆಯುವಾಗ ಅಳುತ್ತಿದ್ದಳು.

ಅಕ್ಟೋಬರ್ ಕೊನೆಗೆ ಹೊರಟೆ. ಸ್ಕ್ಯಾನರ್, ಮೂರು ಕಾಲಿನ ಸ್ಟ್ಯಾಂಡ್, ಜೋಡಣೆಯ ಗುರುತಿಗೆ ಇಡುವ ಆರು ಬಿಳಿ ಚೆಂಡು, ಬೆನ್ನಿಗೆ ಕಟ್ಟಿಕೊಳ್ಳುವ ಸುತ್ತುನೋಟದ ಕ್ಯಾಮೆರಾ. ಸ್ಕ್ಯಾನರ್ ಕೆಲಸ ನೋಡುವವರಿಗೆ ಬೇಜಾರಿನದು. ಯಂತ್ರವನ್ನು ಒಂದು ಕಡೆ ನಿಲ್ಲಿಸಿದರೆ ಅದು ನಿಧಾನಕ್ಕೆ ಸುತ್ತುತ್ತ, ಕಣ್ಣಿಗೆ ಕಾಣುವ ಎಲ್ಲದರ ದೂರವನ್ನು ಅಳೆಯುತ್ತದೆ. ಕೋಟಿಗಟ್ಟಲೆ ಬಿಂದುಗಳು ಸೇರಿ ಗೋಡೆಯಾಗುತ್ತವೆ, ಮರವಾಗುತ್ತವೆ. ಆಮೇಲೆ ಯಂತ್ರವನ್ನು ನಾಲ್ಕು ಹೆಜ್ಜೆ ಆಚೆ ಇಟ್ಟು ಮತ್ತೆ ಅದೇ. ಎರಡು ಜಾಗದಿಂದಲೂ ಕನಿಷ್ಠ ಮೂರು ಚೆಂಡು ಕಾಣಬೇಕು, ಇಲ್ಲದಿದ್ದರೆ ಆಮೇಲೆ ಜೋಡಣೆ ಕೂರುವುದಿಲ್ಲ.

ಮೊದಲು ಆಕೋಗೆ ಹೋದೆ. ಕೋಟೆಯಲ್ಲಿ ಉಳಿದಿರುವುದು ಕಂದಕ, ಕಲ್ಲಿನ ಗೋಡೆ, ಒಂದಷ್ಟು ಬಾಗಿಲು. ನಲವತ್ತೇಳು ಮಂದಿಯ ಮುಖ್ಯಸ್ಥನ ಮನೆಯ ಹೆಬ್ಬಾಗಿಲು ಮಾತ್ರ ಇನ್ನೂ ನಿಂತಿದೆ. ಎರಡು ದಿನ ಒಳ್ಳೆಯ ಬಿಸಿಲು. ದಿನವೂ ಸಂಜೆ, ಉಮೆಯೊದಲ್ಲಿ ಬೆಳಗಾಗುವ ಹೊತ್ತಿಗೆ, ಆ ದಿನದ ಚಿತ್ರಗಳನ್ನು ಕಳಿಸುತ್ತಿದ್ದೆ. ಪ್ರೊಫೆಸರ್ ಮಾತು ಆಗಲೇ ತೊದಲುತ್ತಿತ್ತು. ಅವರು ಹೇಳಿದ್ದನ್ನು ಹೆಂಡತಿ ಫೋನಿನಲ್ಲಿ ಬಿಡಿಸಿ ಹೇಳುತ್ತಿದ್ದರು.

"ಬಾಗಿಲಿನ ಹೊರಗಿನ ರಸ್ತೆ ತೋರಿಸಬೇಕಂತೆ. ಒಳಗಿನದಲ್ಲ, ಹೊರಗಿನದು."

"ಹೊರಗೆ ಏನೂ ಇಲ್ಲವಲ್ಲ. ಬರೀ ರಸ್ತೆ."

ಆ ಕಡೆ ಸ್ವಲ್ಪ ಹೊತ್ತು ಗೊಗ್ಗರು ದನಿ. ಆಮೇಲೆ ಹೆಂಡತಿ, "ಮನೆಗೆ ವಾಪಸ್ ಹೋದವರು ಆ ರಸ್ತೆಯಲ್ಲೇ ಹೋದರಂತೆ," ಎಂದರು.

ಮರುದಿನ ಹೋಗಿ ಆ ರಸ್ತೆಯನ್ನು ಅಳೆದೆ. ನನ್ನ ಪಟ್ಟಿಯಲ್ಲಿ ಇಲ್ಲದ ಕೆಲಸ ಎಂದು ಮನಸ್ಸಿನಲ್ಲೇ ಸ್ವಲ್ಪ ಗೊಣಗಿದ್ದೂ ನಿಜ.

ಟೋಕಿಯೋದಲ್ಲಿ ಅಧಿಕಾರಿಯ ಮನೆ ಇದ್ದ ಜಾಗ ಈಗ ಒಂದು ಮನೆಯಷ್ಟೇ ಜಾಗದ ಪುಟ್ಟ ಉದ್ಯಾನ. ಸುತ್ತ ಅಪಾರ್ಟ್‌ಮೆಂಟುಗಳು. ಅಲ್ಲಿಂದ ದೇವಾಲಯದವರೆಗೆ ನಲವತ್ತೇಳು ಮಂದಿ ನಡೆದ ದಾರಿಯನ್ನು ನಾನು ಕ್ಯಾಮೆರಾ ಹೊತ್ತು ಬೆಳಗಿನ ಹೊತ್ತು ನಡೆದೆ. ಸೇತುವೆ, ಆಫೀಸುಗಳು, ಫ್ಲೈಓವರ್ ಕೆಳಗಿನ ರಸ್ತೆ. ಮೂರು ಗಂಟೆಯ ನಡಿಗೆ. ಪ್ರೊಫೆಸರ್ ಆ ವಿಡಿಯೋವನ್ನು ಒಂದು ನಿಮಿಷವನ್ನೂ ಬಿಡದೆ ಗೋಡೆಯ ಮೇಲೆ ನೋಡಿದರಂತೆ. ಯುವಕರಾಗಿದ್ದಾಗ ಗಂಡ ಹೆಂಡತಿ ಇಬ್ಬರೂ ಆ ದಾರಿಯನ್ನು ಜೊತೆಯಾಗಿ ನಡೆದಿದ್ದರು. "ಅವತ್ತು ನನ್ನ ಬೂಟು ಕಚ್ಚಿ ಅರ್ಧ ದಾರಿಯಲ್ಲಿ ಕೂತುಬಿಟ್ಟಿದ್ದೆ, ಅವನು ದೇವಾಲಯ ನೋಡದೆ ನನ್ನ ಜೊತೆ ವಾಪಸ್ ಬಂದ," ಎಂದು ಹೆಂಡತಿ ಹೇಳಿದರು. ಅಂದರೆ ಸಮಾಧಿಗಳನ್ನು ಪ್ರೊಫೆಸರ್ ಕಣ್ಣಾರೆ ನೋಡಿಯೇ ಇರಲಿಲ್ಲ. ಅದು ನನಗೆ ಅವತ್ತೇ ಗೊತ್ತಾಗಿದ್ದು. ಎಷ್ಟೇ ಕಷ್ಟವಾದರೂ ಅವುಗಳನ್ನು ಒಂದು ಬಿಂದುವೂ ತಪ್ಪದಂತೆ ತರಬೇಕು ಎಂದು ಅವತ್ತೇ ಹಟ ಹುಟ್ಟಿತು.

ದೇವಾಲಯದವರು ನಮಗೆ ಸೋಮವಾರ, ಮಂಗಳವಾರ ಎರಡು ಬೆಳಗ್ಗೆ ಕೊಟ್ಟಿದ್ದರು. ಬಾಗಿಲು ತೆರೆದ ಮೇಲೆ ಎರಡು ಗಂಟೆ, ಬರುವ ಭಕ್ತರನ್ನು ತಡೆಯುವಂತಿಲ್ಲ. ಬುಧವಾರ ಬೆಳಗ್ಗೆ ನನ್ನ ವಿಮಾನ.

ಸೋಮವಾರ ಮಳೆ ಸುರಿಯಿತು. ಯಂತ್ರವನ್ನು ಚೀಲದಿಂದ ತೆಗೆಯಲೂ ಆಗಲಿಲ್ಲ. ಮಂಗಳವಾರ ಮೋಡ ಸರಿದಿತ್ತು, ಆದರೆ ಕಲ್ಲುಗಳು ಒದ್ದೆ. ಒದ್ದೆಯಾದ ಕಪ್ಪು ಕಲ್ಲು ಲೇಸರ್ ಬೆಳಕನ್ನು ಸರಿಯಾಗಿ ಹಿಂದಿರುಗಿಸುವುದಿಲ್ಲ. ಸಾಲದ್ದಕ್ಕೆ ಊದುಬತ್ತಿಯ ಹೊಗೆ. ನಮ್ಮ ಕಣ್ಣಿಗೆ ತೆಳ್ಳಗೆ ಕಾಣುವ ಹೊಗೆಯನ್ನು ಸ್ಕ್ಯಾನರ್ ಗೋಡೆ ಎಂದುಕೊಳ್ಳುತ್ತದೆ. ಮಧ್ಯಾಹ್ನ ಹೋಟೆಲಿನಲ್ಲಿ ಕೂತು ನೋಡಿದರೆ, ಸಮಾಧಿಗಳ ಸಾಲಿನಲ್ಲಿ ದೊಡ್ಡ ದೊಡ್ಡ ತೂತು. ಅರ್ಧಕ್ಕರ್ಧ ಕಲ್ಲುಗಳಿಗೆ ಮುಖವೇ ಇಲ್ಲ. ಓಡಿಹೋಗಿ ದೇವಾಲಯದ ಕಚೇರಿಯಲ್ಲಿ ಕೇಳಿಕೊಂಡೆ. ಅಲ್ಲಿದ್ದ ಹಿರಿಯರು ಪುಸ್ತಕ ತಿರುವಿ, ಗುರುವಾರ ಬೆಳಗ್ಗೆ ಬರಬಹುದು ಎಂದು ನಗುತ್ತಲೇ ಹೇಳಿದರು. ನಾನು ಮೂರು ಸಲ ತಲೆಬಾಗಿ ಬಂದೆ.

ಅದೇ ಸಂಜೆ ಸಹೋದ್ಯೋಗಿಯ ಫೋನ್ ಬಂತು. ಅಲ್ಲಿ ಬೆಳಗಿನ ಒಂಬತ್ತು. ಅವಳು ಪ್ರೊಜೆಕ್ಟರ್ ಸರಿಮಾಡಲೆಂದು ಅವರ ಮನೆಗೆ ಹೋಗಿದ್ದಳು.

"ಕೇಳು, ನೀನು ನಾಳೆ ಫ್ಲೈಟ್ ಹತ್ತಿಬಿಡು ಕಣೇ."

"ಯಾಕೆ, ಏನಾಯ್ತು?"

"ಬ್ರೀದಿಂಗ್ ತುಂಬಾ ಡೌನ್ ಆಗಿದೆ. ನರ್ಸ್ ಬಂದು ಹೋದ್ಲು. ದಿನಗಳ ಲೆಕ್ಕ ಅಂದ್ಲು."

"ದಿನ ಅಂದ್ರೆ ಎಷ್ಟು? ವಾರ ಆಗ್ಬಹುದಾ?"

"ಅದನ್ನ ಯಾರು ಹೇಳ್ತಾರೆ? ನಿಂಗೆ ಇಲ್ಲಿಂದ ಹೇಳ್ತಾ ಇದ್ದೀನಿ, ಬಂದುಬಿಡು."

"ಗ್ರೇವ್ಸ್ ಅರ್ಧ ಕೂಡ ಬಂದಿಲ್ವೇ. ಗುರುವಾರ ಸ್ಲಾಟ್ ಕೊಟ್ಟಿದ್ದಾರೆ. ಅವರು ಒಂದ್ಸಲ ಕೂಡ ನೋಡಿಲ್ಲ ಅದನ್ನ. ಬರೀ ಕೈಲಿ ಬಂದು ಏನು ತೋರಿಸ್ಲಿ?"

"ಇರು, ಅವರಿಗೇ ಕೊಡ್ತೀನಿ," ಎಂದು ಫೋನನ್ನು ಅವರ ಕಿವಿಯ ಬಳಿ ಹಿಡಿದಳು.

ಉಸಿರಿನ ಯಂತ್ರದ ಸದ್ದು ಕೇಳಿಸಿತು. ಆಮೇಲೆ ಅವರು ಸ್ವೀಡಿಷ್‌ನಲ್ಲಿ ಮೂರೇ ಪದ ಹೇಳಿದರು. ಅದು ನನಗೆ ಯಾರೂ ಬಿಡಿಸಿ ಹೇಳದೆ ಅರ್ಥವಾಯಿತು. "ಯಾವಾಗ ಬರ್ತೀಯ ನೀನು?"

"ಶುಕ್ರವಾರ," ಎಂದೆ. "ಗುರುವಾರ ಬೆಳಗ್ಗೆ ಸಮಾಧಿಗಳು ಮುಗಿದ ಕೂಡಲೇ ಹೊರಡ್ತೀನಿ. ಎಲ್ಲ ಪೂರ್ತಿ ತರ್ತೀನಿ."

ಮತ್ತೆ ಯಂತ್ರದ ಸದ್ದು. ಆಮೇಲೆ, "ಒಳ್ಳೆಯದು," ಎಂದರು.

ಆ ಒಂದು ಪದವನ್ನು ನಾನು ಅನುಮತಿ ಎಂದುಕೊಂಡೆ. ಕೆಲಸ ಮುಗಿಸಿ ಬಾ ಎಂದು ಹೇಳಿದ್ದಾರೆ ಎಂದೇ ನಂಬಿದೆ. ಟಿಕೆಟ್ ಗುರುವಾರ ರಾತ್ರಿಗೆ ಬದಲಾಯಿಸಿದೆ. ಬುಧವಾರವಿಡೀ ಬ್ಯಾಟರಿ ಚಾರ್ಜ್ ಮಾಡುತ್ತ, ಯಂತ್ರ ಎಲ್ಲೆಲ್ಲಿ ನಿಲ್ಲಬೇಕೆಂದು ಕಾಗದದ ಮೇಲೆ ನಕ್ಷೆ ಬರೆಯುತ್ತ ಕಳೆದೆ.

ಗುರುವಾರ ಬೆಳಗ್ಗೆ ಆಕಾಶ ತೊಳೆದ ಹಾಗಿತ್ತು. ಕಲ್ಲುಗಳು ಒಣಗಿದ್ದವು. ಗಾಳಿ ಹೊಗೆಯನ್ನು ಒಂದೇ ಕಡೆಗೆ ಒಯ್ಯುತ್ತಿತ್ತು, ಹಾಗಾಗಿ ಯಂತ್ರವನ್ನು ಗಾಳಿ ಬರುವ ಕಡೆಯಿಂದ ಶುರುಮಾಡಿದೆ. ಯಾರಾದರೂ ಊದುಬತ್ತಿ ಹಚ್ಚಲು ಬಂದರೆ ಯಂತ್ರ ನಿಲ್ಲಿಸಿ ಪಕ್ಕಕ್ಕೆ ಸರಿದು, ಅವರು ಹೋದ ಮೇಲೆ ಮತ್ತೆ ಶುರುಮಾಡುತ್ತಿದ್ದೆ. ಒಂದೊಂದು ಕಲ್ಲಿನ ಅಕ್ಷರಗಳಿಗೂ ಕ್ಯಾಮೆರಾ ಹಿಡಿದು ಪ್ರತ್ಯೇಕ ಚಿತ್ರ ತೆಗೆದೆ. ಎರಡು ಗಂಟೆ ಮುಗಿಯುವ ಹೊತ್ತಿಗೆ ಅಳೆಯದ ಒಂದು ಸಮಾಧಿಯೂ ಉಳಿದಿರಲಿಲ್ಲ. ನನ್ನ ವೃತ್ತಿಯಲ್ಲಿ ಅಷ್ಟು ಚೊಕ್ಕ ಕೆಲಸ ನಾನು ಮತ್ತೊಂದು ಮಾಡಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅವತ್ತು ಬೆಳಗ್ಗೆ ನನಗೆ ತುಂಬ ಸಂತೋಷವಾಗಿತ್ತು.

ಶುಕ್ರವಾರ ಬೆಳಗ್ಗೆ ಸ್ಟಾಕ್‌ಹೋಮಿನಲ್ಲಿ ಇಳಿದು ಫೋನ್ ಆನ್ ಮಾಡಿದೆ. "ಇಳಿದ ತಕ್ಷಣ ಕಾಲ್ ಮಾಡು" ಎಂದು ಸಹೋದ್ಯೋಗಿಯ ಒಂದು ಸಾಲು ಇತ್ತು. ಉಳಿದದ್ದು ನನಗೆ ಅಲ್ಲೇ ತಿಳಿಯಿತು. ಆದರೂ ಕಾಲ್ ಮಾಡಿದೆ.

"ನಿನ್ನೆ ಸಂಜೆ," ಎಂದಳು. "ನೀನು ಏರ್ ಅಲ್ಲಿದ್ದೆ."

ಬುಧವಾರದ ವಿಮಾನ ಹತ್ತಿದ್ದರೆ ಗುರುವಾರ ಪೂರ್ತಿ ಒಂದು ಹಗಲು ನಾನು ಅವರ ಪಕ್ಕದಲ್ಲಿ ಇರುತ್ತಿದ್ದೆ. ಈ ಲೆಕ್ಕ ಮಾಡಲು ಯಾವ ಯಂತ್ರವೂ ಬೇಕಿರಲಿಲ್ಲ.

ಉಮೆಯೊ ವಿಮಾನ ನಿಲ್ದಾಣದಿಂದ ನೇರ ಅವರ ಮನೆಗೇ ಹೋದೆ. ಸಹೋದ್ಯೋಗಿ ಬಾಗಿಲು ತೆಗೆದಳು. ಮಲಗುವ ಕೋಣೆಯಲ್ಲಿ ಹಾಸಿಗೆಯ ಹೊದಿಕೆ ಮಡಿಚಿಟ್ಟಿತ್ತು. ಪ್ರೊಫೆಸರ್ ಹೆಂಡತಿ ಅಡುಗೆಮನೆಯಲ್ಲಿ ಕುಳಿತಿದ್ದರು. ನಾನು ಅವರ ಎದುರು ಕೂತು, ಆ ಹೊತ್ತಿನಲ್ಲಿ ಯಾರೂ ಕೇಳಬಾರದ್ದನ್ನು ಕೇಳಿದೆ.

"ಸಮಾಧಿಗಳ ಬಗ್ಗೆ ಏನಾದರೂ ಹೇಳಿದರಾ?"

ಅವರು ನನ್ನ ಮುಖವನ್ನೇ ನೋಡಿದರು. "ಇಲ್ಲ. ಒಂದು ಮಾತೂ ಇಲ್ಲ."

"ಮತ್ತೆ?"

"ಇವತ್ತು ಯಾವ ವಾರ ಅಂತ ಕೇಳ್ತಿದ್ದ. ಬುಧವಾರ ಅಂದೆ. ಮತ್ತೆ ಸ್ವಲ್ಪ ಹೊತ್ತಿಗೆ ಕೇಳ್ತಿದ್ದ. ಆಮೇಲೆ ಗುರುವಾರ ಬೆಳಗ್ಗೆ ಕೇಳಿದ, ಮಧ್ಯಾಹ್ನ ಕೇಳಿದ. ನಿನಗೆ ಕಾಯ್ತಿದ್ದ. ಅಷ್ಟೇ."

"ನಾನು... ಅವರು ಒಳ್ಳೆಯದು ಅಂದರಲ್ಲ, ಫೋನಲ್ಲಿ."

"ಹೌದು. ನೀನು ಬರಲ್ಲ ಅಂದೆ, ಅವನು ಒಳ್ಳೆಯದು ಅಂದ. ಇನ್ನೇನು ಅಂತಿದ್ದ ಅವನು?"

ಅದರಲ್ಲಿ ಸಿಟ್ಟಿತ್ತು. ಸಿಟ್ಟಿರಬೇಕಾಗಿಯೂ ಇತ್ತು. ನಲವತ್ತು ವರ್ಷ ಆ ಮನುಷ್ಯ ಬರೆದದ್ದು ಒಂದೇ ವಿಷಯ: ಪ್ರತಿಜ್ಞೆಯನ್ನು ಬಿಟ್ಟು, ಸಾಯುತ್ತಿರುವವರ ಹತ್ತಿರ ಹೋದವನು ಹೇಡಿಯಲ್ಲ ಎಂದು. ಅದನ್ನು ಪುಟಪುಟವಾಗಿ ಟೈಪ್ ಮಾಡಿದವಳು ನಾನು. ನನ್ನ ಸರದಿ ಬಂದಾಗ ನಾನು ಕಲ್ಲುಗಳ ಹತ್ತಿರ ನಿಂತೆ.

ನವೆಂಬರಿನಲ್ಲಿ ಜೋಡಣೆಯ ಕೆಲಸ ಶುರುವಾಯಿತು. "ಟೆಂಪಲ್ ಡೇಟಾ ನಾನು ಮಾಡ್ತೀನಿ, ನೀನು ಬೇರೆ ಏನಾದ್ರೂ ತಗೋ," ಎಂದು ಸಹೋದ್ಯೋಗಿ ಹೇಳಿದಳು. ನಾನು ಒಪ್ಪಲಿಲ್ಲ. ಮೂರು ವಾರ ಕೂತು ಒಂದೊಂದು ಸ್ಕ್ಯಾನನ್ನೂ ಕೈಯಾರೆ ಕೂರಿಸಿದೆ, ಉಳಿದಿದ್ದ ಹೊಗೆಯ ಬಿಂದುಗಳನ್ನು ಆರಿಸಿ ಅಳಿಸಿದೆ. ಒಂದು ಮಧ್ಯಾಹ್ನ, ಪರದೆಯ ಮೇಲೆ ಸಾಲಾಗಿ ನಿಂತ ಕಲ್ಲುಗಳನ್ನು ನೋಡುತ್ತಿದ್ದಾಗ, ಇದನ್ನು ಹೀಗೇ ಕೊಡಲು ನನ್ನಿಂದ ಆಗುವುದಿಲ್ಲ ಎನ್ನಿಸಿತು. ಪ್ರದರ್ಶನದ ನಡಿಗೆ ಸಮಾಧಿಗಳ ಹತ್ತಿರ ಮುಗಿಯಬೇಕೆಂದು ಮೊದಲಿನಿಂದ ನಿಗದಿಯಾಗಿತ್ತು. ನಾನು ಕ್ರಮವನ್ನು ಬದಲಿಸಿದೆ. ಸಮಾಧಿಗಳು ಮೊದಲು, ಆಮೇಲೆ ನಗರದ ದಾರಿ, ಅಲ್ಲಿಂದ ಹಿಂದಕ್ಕೆ ಆಕೋ, ಕೊನೆಗೆ ಆ ಹೆಬ್ಬಾಗಿಲಿನ ಹೊರಗಿನ ಬರೀ ರಸ್ತೆ. ಅದರ ಮೇಲೆ, ಬೇಸಿಗೆಯಲ್ಲಿ ದನಿ ಇನ್ನೂ ನೆಟ್ಟಗಿದ್ದಾಗ ಬರದೇ ಉಳಿದವರ ಬಗ್ಗೆ ಪ್ರೊಫೆಸರ್ ಮಾತಾಡಿ, ನಾವು ಧ್ವನಿಮುದ್ರಿಸಿಟ್ಟಿದ್ದ ಐದು ನಿಮಿಷ.

ಮ್ಯೂಸಿಯಮ್ಮಿನ ಅಧಿಕಾರಿಣಿಗೆ ಇದು ಹಿಡಿಸಲಿಲ್ಲ. "ಜನ ಸಮಾಧಿ ನೋಡೋಕೆ ಬರ್ತಾರೆ. ಕೊನೆಯಲ್ಲಿ ಖಾಲಿ ರಸ್ತೆ ತೋರಿಸಿ ಕಳಿಸೋದಾ?" ಎಂದರು. ಎರಡು ಮೀಟಿಂಗ್ ಆಯಿತು. ಎರಡನೆಯದರಲ್ಲಿ ನಾನು ಧ್ವನಿಯನ್ನು ಹಾಕಿ ಕೇಳಿಸಿದೆ. ಅವರು ಕಿಟಕಿಯ ಕಡೆ ನೋಡುತ್ತ ಪೂರ್ತಿ ಕೇಳಿ, "ಸರಿ, ಹೀಗೇ ಇರಲಿ," ಎಂದರು. ಗೆದ್ದೆ ಎಂದೇನೂ ಅನ್ನಿಸಲಿಲ್ಲ. ಪ್ರೊಫೆಸರ್ ಬದುಕಿದ್ದಾಗ ಅವರಿಗೆ ಕೊಡಬೇಕಾಗಿದ್ದನ್ನು ತಡವಾಗಿ ಮತ್ಯಾರಿಗೋ ಕೊಟ್ಟ ಹಾಗಿತ್ತು.

ಪ್ರದರ್ಶನ ಜನವರಿಯಲ್ಲಿ ತೆರೆಯಿತು. ಪ್ರೊಫೆಸರ್ ಹೆಂಡತಿಗೆ ಆಹ್ವಾನ ಹೋಗಿತ್ತು, ಅವರು ಬರಲಿಲ್ಲ. ಅಂತ್ಯಕ್ರಿಯೆಯ ನಂತರ ಅವರು ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಫೋನ್ ಮಾಡಿದರೆ ಎರಡು ಮಾತಾಡಿ ಇಟ್ಟುಬಿಡುತ್ತಿದ್ದರು. ಆದರೂ ಫೆಬ್ರವರಿಯ ಒಂದು ಭಾನುವಾರ, ಮೂರು ದಿನ ಬಿಡದೆ ಹಿಮ ಬಿದ್ದ ಮೇಲೆ, ಹೇಳದೆ ಕೇಳದೆ ಬಸ್ ಹತ್ತಿ ಅವರ ಮನೆಗೆ ಹೋದೆ. ರಸ್ತೆಯಿಂದ ಬಾಗಿಲವರೆಗಿನ ದಾರಿ ಮೊಣಕಾಲು ಮುಳುಗುವಷ್ಟು ಮುಚ್ಚಿಹೋಗಿತ್ತು. ಒಂದೇ ಸಾಲು ಹೆಜ್ಜೆ ಗುರುತು. ಗೋಡೆಗೆ ಒರಗಿಸಿದ್ದ ಹಿಮದ ಸಲಿಕೆ ತೆಗೆದುಕೊಂಡು ರಸ್ತೆಯ ಕಡೆಯಿಂದ ಶುರುಮಾಡಿದೆ.

ಅರ್ಧ ದಾರಿ ಆಗುವಷ್ಟರಲ್ಲಿ ಬಾಗಿಲು ತೆರೆಯಿತು. ಅವರು ಸ್ವೆಟರಿನ ಮೇಲೆ ಶಾಲು ಹೊದ್ದು ಮೆಟ್ಟಿಲ ಮೇಲೆ ನಿಂತಿದ್ದರು.

"ಅಷ್ಟು ಅಗಲ ಯಾಕೆ ತೆಗೀತಿದ್ದೀಯ?"

ನಾನು ತಿರುಗಿ ನೋಡಿದೆ. ಗಾಲಿಕುರ್ಚಿ ಆರಾಮಾಗಿ ಸಾಗುವಷ್ಟು ಅಗಲಕ್ಕೆ ತೆಗೆಯುತ್ತ ಬಂದಿದ್ದೆ. ನನಗೆ ಅದು ಗೊತ್ತೇ ಆಗಿರಲಿಲ್ಲ.

"ಈಗ ಓಡಾಡೋದು ನಾನೊಬ್ಬಳೇ," ಎಂದರು. ಸಿಟ್ಟಿನಿಂದ ಹೇಳಲಿಲ್ಲ. "ಚಿಕ್ಕದಾಗಿ ತೆಗೆ, ಸಾಕು. ಮುಗಿಸಿ ಒಳಗೆ ಬಾ. ಕಾಫಿ ಇಡ್ತೀನಿ."

ಬಾಗಿಲು ಮುಚ್ಚಿತು. ನಾನು ಸಲಿಕೆಯನ್ನು ಕೈಯಲ್ಲಿ ಸರಿಯಾಗಿ ಹಿಡಿದುಕೊಂಡು, ಅಲ್ಲಿಂದ ಮುಂದಕ್ಕೆ ಒಬ್ಬರು ನಡೆಯುವಷ್ಟೇ ಅಗಲಕ್ಕೆ ಹಿಮ ತೆಗೆದೆ.